ಘಾಟಿ ಇಳಿದು ಆಸ್ಪತ್ರೆಗೆ ಹೋಗುವ ದಿನ: ಜೊತೆಗೆ ಹೋಗುವವರಿಗೆ

ನಾನು ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಮದುವೆ, ಧರ್ಮಸ್ಥಳ, ಶೃಂಗೇರಿ ಎಲ್ಲ ಇದ್ದದ್ದೇ. ಆದರೆ ಜಾಸ್ತಿ ಬಾಡಿಗೆ ಮಣಿಪಾಲದ ಆಸ್ಪತ್ರೆಗೆ. ಹತ್ತಿರ ಹತ್ತಿರ 85 ಕಿಲೋಮೀಟರ್, ಮಧ್ಯೆ ಆಗುಂಬೆ ಘಾಟಿ. ಹಿಂದಿನ ಸೀಟಿನಲ್ಲಿ ಕಾಯಿಲೆಯವರು, ಪಕ್ಕದಲ್ಲಿ ಮಗನೋ ಸೊಸೆಯೋ ತಂಗಿಯೋ ಒಬ್ಬರು. ಇದನ್ನು ಬರೆಯುತ್ತಿರುವುದು ಆ ಪಕ್ಕದಲ್ಲಿ ಕೂರುವವರಿಗೆ. ಕಾಯಿಲೆ ನೋಡಿಕೊಳ್ಳಲು ಡಾಕ್ಟರು ಇದ್ದಾರೆ. ಆ ದಿನ ಎಷ್ಟು ಉದ್ದ ಅನ್ನಿಸುತ್ತದೆ, ಎಷ್ಟು ಹೆದರಿಸುತ್ತದೆ ಅನ್ನುವುದು ಮಾತ್ರ ಬಹಳ ಮಟ್ಟಿಗೆ ನಿಮ್ಮ ಕೈಯಲ್ಲಿದೆ. ಪಾರ್ಕಿಂಗಿನಲ್ಲಿ ಕಾಯುವಾಗ ಓದಿದ್ದು, ಕಾರಿನ ಕನ್ನಡಿಯಲ್ಲಿ ನೋಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಕೆಲಸ ಹಿಂದಿನ ರಾತ್ರಿಯೇ ಶುರುವಾಗಬೇಕು. ಊಟ ಆದ ಮೇಲೆ ಪಕ್ಕದಲ್ಲಿ ಕೂತು, ನಾಳೆ ಏನೇನು ಅಂತ ಒಂದಾದ ಮೇಲೆ ಒಂದು ಹೇಳಿ. "ಅಪ್ಪಯ್ಯ, ಐದೂವರೆಗೆ ಕಾರು ಬರುತ್ತೆ. ರಕ್ತ ಕೊಡೋ ತನಕ ತಿಂಡಿ ಇಲ್ಲ. ಆಮೇಲೆ ಇಡ್ಲಿ. ಸ್ಕ್ಯಾನಿಂಗ್ ರೂಮಿಗೆ ನೀವೊಬ್ರೇ ಹೋಗ್ಬೇಕು, ನಾನು ಬಾಗಿಲ ಹತ್ರನೇ ಇರ್ತೀನಿ." ಇಷ್ಟು ಸಾಕು. "ಹೆದರ್ಬೇಡಿ, ಏನೂ ಆಗಲ್ಲ" ಅನ್ನುವುದಕ್ಕಿಂತ ಇದು ಎಷ್ಟೋ ಮೇಲು. ಮನುಷ್ಯನನ್ನು ಕೆಟ್ಟ ಸುದ್ದಿಗಿಂತ ಹೆಚ್ಚಾಗಿ ತಿನ್ನುವುದು ಏನಾಗುತ್ತೋ ಅನ್ನುವ ಅನುಮಾನ. 2016ರಲ್ಲಿ ಲಂಡನ್ನಿನ ಸಂಶೋಧಕರು 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಕೊಟ್ಟರು. ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನಿಜವಾದ ಶಾಕ್. ಶಾಕ್ ಬಂದೇ ಬರುತ್ತದೆ ಅಂತ ಗೊತ್ತಿದ್ದಾಗ ಅವರು ಅಷ್ಟು ಬೆವರಲಿಲ್ಲ. ಬರಬಹುದು, ಬರದೆಯೂ ಇರಬಹುದು ಅನ್ನುವಾಗಲೇ ಬೆವರು ಹೆಚ್ಚಿತು, ಕಣ್ಣಿನ ಪಾಪೆ ಹಿಗ್ಗಿತು. ನಮ್ಮ ಹಿರಿಯರಿಗೆ ಏನೂ ಹೇಳದೆ ಕರೆದುಕೊಂಡು ಹೋಗುವ ರೂಢಿ ಇದೆಯಲ್ಲ, "ಸುಮ್ನೆ ಒಂದು ಚೆಕಪ್" ಅಂತ, ಅದನ್ನು ದಯವಿಟ್ಟು ಬಿಡಿ. ಅವರು ದಾರಿಯುದ್ದಕ್ಕೂ ನಿಮ್ಮ ಮುಖ ಓದುತ್ತಲೇ ಇರುತ್ತಾರೆ.

ಎಷ್ಟು ಹೊತ್ತಾಗುತ್ತದೆ ಅಂತ ಕೇಳಿದರೆ ಸ್ವಲ್ಪ ಜಾಸ್ತಿಯೇ ಹೇಳಿ. ಎರಡೂವರೆ ಗಂಟೆಯ ದಾರಿಯಾದರೆ ಮೂರು ಅನ್ನಿ. ಹೋಗುವಾಗ ದಾರಿ ಉದ್ದ, ಬರುವಾಗ ಗಿಡ್ಡ ಅಂತ ಎಲ್ಲರೂ ಹೇಳುತ್ತಾರಲ್ವಾ? 2011ರಲ್ಲಿ ನೆದರ್ಲೆಂಡ್ಸಿನವರು ಇದನ್ನು ಪರೀಕ್ಷೆ ಮಾಡಿದ್ದಾರೆ. ವಾಪಸ್ ಪ್ರಯಾಣ ಸುಮಾರು 22 ಶೇಕಡಾ ಕಡಿಮೆ ಅನ್ನಿಸಿತಂತೆ. ಅಷ್ಟೇ ದೂರದ ಬೇರೆ ದಾರಿಯಲ್ಲಿ ಬಂದರೂ ಹಾಗೇ ಅನ್ನಿಸಿತು. ಅವರ ಪ್ರಕಾರ ಕಾರಣ ನಮ್ಮ ಲೆಕ್ಕಾಚಾರ. ಹೋಗುವಾಗ ಬೇಗ ಮುಟ್ಟುತ್ತೇವೆ ಅಂದುಕೊಂಡಿರುತ್ತೇವೆ, ಅದು ತಪ್ಪಿದಾಗ ದಾರಿ ಎಳೆಯುತ್ತದೆ. ಬರುವಾಗ ಉದ್ದವೇ ಅಂತ ಮೊದಲೇ ಒಪ್ಪಿಕೊಂಡಿರುತ್ತೇವೆ.

ಇನ್ನು ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ಮಂಜು, ಎದುರಿಗೆ ಬಸ್ಸು ಬಂದರೆ ಪಕ್ಕಕ್ಕೆ ನಿಲ್ಲಿಸಿ ಕಾಯಬೇಕು. ಹೆಚ್ಚಿನವರ ಎದೆ ಡವಡವ ಅನ್ನುವುದು ಇಲ್ಲೇ. ಗುಡ್ಡೇಕೇರಿ ಕಡೆಯ ಒಬ್ಬ ಅಜ್ಜಿ ಹತ್ತಿದಾಗಿನಿಂದ "ಇನ್ನೂ ಎಷ್ಟು ದೂರ ಮಾರಾಯ" ಅಂತ ಕೇಳುತ್ತಲೇ ಇದ್ದರು. ಸೀಟಿನ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಆಗುಂಬೆ ದಾಟಿದ ಮೇಲೆ ನಾನು ಹೇಳಿದೆ, "ಅಮ್ಮ, ಹದಿನಾಲ್ಕು ತಿರುವು ಇದೆ ಅಂತಾರೆ. ನೀವು ಎಣಿಸಿ, ನಾನು ಗಾಡಿ ನೋಡ್ಕೊಳ್ತೀನಿ." ಅವರು ಬೆರಳು ಮಡಚುತ್ತಾ ಎಣಿಸಿದರು. ಮಧ್ಯೆ ಮಗ, "ಅದು ತಿರುವಲ್ಲ, ಬರೀ ಓರೆ" ಅಂದ. ಅಜ್ಜಿ ಒಪ್ಪಲಿಲ್ಲ. ತಡೆಗೋಡೆ ಮೇಲಿನ ಕೋತಿಗಳು ಬಂದವು, ಹೋದವು, ಇವರ ವಾದ ಮುಗಿಯಲಿಲ್ಲ. ಘಾಟಿಯ ಬುಡದ ಸೋಮೇಶ್ವರ ಬಂದದ್ದೇ ಅಜ್ಜಿಗೆ ಗೊತ್ತಾಗಲಿಲ್ಲ. ಹಿಡಿ ಬಿಟ್ಟು ಎಷ್ಟು ಹೊತ್ತಾಗಿತ್ತೋ!

ಇದರ ಹಿಂದಿನ ಕಾರಣ ಸರಳ. ಹೊತ್ತು ಹೋಗುವುದನ್ನೇ ನೋಡುತ್ತಾ ಕೂತರೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಉದ್ದ ಅನ್ನಿಸುತ್ತದೆ. ಗಮನ ಬೇರೆ ಕೆಲಸಕ್ಕೆ ಹೋದರೆ ಲೆಕ್ಕ ತಪ್ಪುತ್ತದೆ. ಆ ಕೆಲಸ ಕೈಗೋ ನಾಲಿಗೆಗೋ ಸಿಗುವಂಥದ್ದಾಗಿರಬೇಕು. ಮೊಬೈಲ್ ಕೊಟ್ಟರೆ ಘಾಟಿಯಲ್ಲಿ ವಾಂತಿ, ಅಷ್ಟೇ.

ನಿಮ್ಮದೇ ಎದೆ ಹೊಡೆದುಕೊಳ್ಳುತ್ತಿದ್ದರೆ ಉಸಿರಿನ ಕಡೆ ನೋಡಿ. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಅದಕ್ಕೇ ಬಿಡುವುದನ್ನು ಉದ್ದ ಮಾಡಬೇಕು. ನಾಲ್ಕು ಎಣಿಸುವ ತನಕ ಎಳೆದು, ಆರು ಎಣಿಸುವ ತನಕ ಬಿಡಿ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಸಾಕು. ದಮ್ಮು, ಎದೆನೋವು ಇರುವವರಿಗೆ ಇದನ್ನು ಮಾಡಿ ಅಂತ ಒತ್ತಾಯಿಸಬೇಡಿ. ಅವರು ಹೇಗೆ ಉಸಿರಾಡುತ್ತಾರೋ ಹಾಗೆ ಬಿಡಿ.

ಆಸ್ಪತ್ರೆಯಲ್ಲಿ ಟೋಕನ್ ಸಿಕ್ಕ ತಕ್ಷಣ ಕೇಳಬೇಕಾದದ್ದು: ನಮ್ಮ ಮುಂದೆ ಎಷ್ಟು ಜನ? ರಿಪೋರ್ಟ್ ಎಷ್ಟು ಗಂಟೆಗೆ? ಉತ್ತರ ಸಿಕ್ಕರೆ ಅದನ್ನು ಕಾಯಿಲೆಯವರಿಗೂ ಹೇಳಿ. ಜ್ವರ ಇರುವವರನ್ನು ಬಿಟ್ಟು ಔಷಧಿ ಅಂಗಡಿಗೆ ಹೋಗುವಾಗ ಇನ್ನೂ ಹುಷಾರು. 1930ರ ದಶಕದಲ್ಲಿ ಹಡ್ಸನ್ ಹೋಗ್ಲೆಂಡ್ ಅನ್ನುವ ಅಮೆರಿಕದ ವಿಜ್ಞಾನಿಯ ಹೆಂಡತಿಗೆ ಜೋರು ಜ್ವರ. ಅವರು ಸ್ವಲ್ಪ ಹೊತ್ತು ಔಷಧಿಗೆ ಹೋಗಿ ಬಂದರೆ, ಎಷ್ಟೋ ಹೊತ್ತು ಹೋಗಿದ್ದಿರಿ ಅಂತ ಆಕೆ ಸಿಟ್ಟಾದರು. ಆಮೇಲೆ ಅವರು ಸೆಕೆಂಡಿಗೊಂದರಂತೆ 60ರವರೆಗೆ ಎಣಿಸಲು ಹೇಳಿ ನೋಡಿದರು. ಜ್ವರ ಏರಿದಷ್ಟೂ ಆಕೆ ಬೇಗ ಎಣಿಸಿ ಮುಗಿಸುತ್ತಿದ್ದರು. ನಿಮಗೆ ಹತ್ತು ನಿಮಿಷ ಆದದ್ದು ಜ್ವರದವರಿಗೆ ಹತ್ತಲ್ಲ. ಹೇಳಿ ಹೋಗಿ, ಬಂದ ಕೂಡಲೇ ಮುಖ ತೋರಿಸಿ.

ಇಲ್ಲಿಯ ತನಕ ಗಡಿಯಾರ ಮರೆಯಿರಿ ಅಂದೆ. ಆದರೆ ಗಡಿಯಾರ ನೋಡಲೇಬೇಕಾದ ಹೊತ್ತೂ ಇದೆ. ನನಗೆ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. 2007ರಲ್ಲಿ ಡೇವಿಡ್ ಈಗಲ್‌ಮನ್ ಅವರ ತಂಡ ಅಮೆರಿಕದಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಬೆನ್ನಡಿಯಾಗಿ ಬಲೆಗೆ ಬೀಳಿಸಿತು. ಅವರಿಗೆ ತಾವು ಬಿದ್ದ ಹೊತ್ತು ಬೇರೆಯವರದ್ದಕ್ಕಿಂತ ಸರಾಸರಿ 36 ಶೇಕಡಾ ಉದ್ದ ಅನ್ನಿಸಿತು. ಆದರೆ ಬೀಳುವಾಗ ಮಣಿಕಟ್ಟಿನಲ್ಲಿ ಬೇಗ ಬೇಗ ಮಿನುಗುತ್ತಿದ್ದ ಅಂಕಿಯನ್ನು ಓದಲು ಆಗಲಿಲ್ಲ. ಹೊತ್ತು ನಿಜಕ್ಕೂ ನಿಧಾನವಾಗಿದ್ದರೆ ಓದಬಹುದಿತ್ತು. ಅಂದರೆ ಆ ಕ್ಷಣ ನಿಧಾನವಾಗಿರಲಿಲ್ಲ. ಹೆದರಿಕೆಯಲ್ಲಿ ನೆನಪು ದಟ್ಟವಾಗಿ ಕೂರುವುದರಿಂದ ಆಮೇಲೆ ಉದ್ದ ಅನ್ನಿಸುತ್ತದೆ. ಹಾಗಾಗಿ ಗಾಬರಿಯ ಹೊತ್ತಿನ ಅಂದಾಜನ್ನು ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಟೈಮ್ ನೋಡಿ. ಐದು ನಿಮಿಷ ದಾಟಿತು ಅಂದರೆ ಅದು ತುರ್ತು, 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋದರೆ ಅದು ಲಕ್ವ (ಸ್ಟ್ರೋಕ್) ಇರಬಹುದು, ಕಾಯಬೇಡಿ, ಆಗಲೇ ಹೊರಡಿ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮೂರಿನಿಂದ ದಾರಿಯೇ ಎಷ್ಟು ಹೊತ್ತು ತಿನ್ನುತ್ತದೆ, ಯೋಚನೆ ಮಾಡಿ. "ಈಗ ಸ್ವಲ್ಪ ಹೊತ್ತಿನ ಮುಂಚೆ" ಅನ್ನುವ ಉತ್ತರದಿಂದ ಡಾಕ್ಟರಿಗೆ ಉಪಯೋಗ ಇಲ್ಲ.

ಡಾಕ್ಟರ ರೂಮಿಗೆ ಹೋಗುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಅದರಲ್ಲೇ ಬರೆಯಿರಿ. ಹೊರಗೆ ಬಂದ ಕೂಡಲೇ ಆಪರೇಷನ್, ದುಡ್ಡು, ತೋಟದ ಮೇಲೆ ಸಾಲ ಅಂತ ತೀರ್ಮಾನಕ್ಕೆ ಇಳಿಯಬೇಡಿ. ಹೆದರಿಕೆಯಾದಾಗ ಮೈಯಲ್ಲಿ ಎರಡು ಹಾರ್ಮೋನು ಏರುತ್ತವೆ. ಅಡ್ರಿನಲಿನ್ ಸೆಕೆಂಡುಗಳಲ್ಲಿ ಏರುತ್ತದೆ. ಕಾರ್ಟಿಸಾಲ್ ಮೇಲಕ್ಕೇರಲು 20ರಿಂದ 30 ನಿಮಿಷ ಬೇಕು, ಇಳಿಯಲು ಇನ್ನೂ ಹೆಚ್ಚು. ನೀವು ಕಾರಿಗೆ ಬಂದು ಕೂರುವಾಗ ಮೈ ಇನ್ನೂ ಹೆದರಿಕೆಯಲ್ಲೇ ಇರುತ್ತದೆ. ಘಾಟಿಗೆ ಮೊದಲು ಸಿಗುವ ಹೆಬ್ರಿಯಲ್ಲಿ ನಿಲ್ಲಿಸಿ ಅನ್ನಿ, ಏನಾದರೂ ತಿನ್ನಿ, ಮಾತು ಘಾಟಿ ಹತ್ತಿದ ಮೇಲೆ.

ರಿಪೋರ್ಟ್ ವಾರ ಬಿಟ್ಟು ಬರುತ್ತದೆ ಅಂದರೆ ಮನೆಯಲ್ಲಿ ಕಾಯುವುದು ಬೇರೆಯೇ ಕಷ್ಟ. ಚಿಂತೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ, ಅದು ಆಗದ ಮಾತು. ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿ. ದಿನಾ ಸಂಜೆ ಕಾಫಿ ಆದ ಮೇಲೆ ಅರ್ಧ ಗಂಟೆ, ಒಂದೇ ಜಾಗದಲ್ಲಿ ಕೂತು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ನೆನಪಾದರೆ ಒಂದು ಸಾಲು ಬರೆದಿಟ್ಟು, ಸಂಜೆಗೆ ಅಂತ ಮುಂದೆ ಹಾಕಿ. ಮನಃಶಾಸ್ತ್ರದವರು ಕಲಿಸುವ ಪದ್ಧತಿ ಇದು. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ.