ಹಗಲು ಕೋಟೆಗೆ, ಇರುಳು ಧ್ರುವಕ್ಕೆ: ಫೈಂಡರ್ ಹೊಂದಿಸಿದ ನನ್ನ ಅನುಭವ

ಬಳ್ಳಾರಿಯ ನಮ್ಮ ಮಾಳಿಗೆಯ ಮೇಲೆ ನಾನು ಬಳಸುವುದು 80 ಮಿ.ಮೀ. ಮುಖಮಸೂರ ಮತ್ತು 900 ಮಿ.ಮೀ. ನಾಭಿದೂರದ ರಿಫ್ರ್ಯಾಕ್ಟರ್ ದೂರದರ್ಶಕ. 25 ಮಿ.ಮೀ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಅದು 36 ಪಟ್ಟು ಹಿಗ್ಗಿಸಿ ತೋರಿಸುತ್ತದೆಯಾದರೂ ಆಗ ಕಣ್ಣಿಗೆ ಸಿಗುವ ಆಕಾಶದ ಅಗಲ ಒಂದೂವರೆ ಡಿಗ್ರಿಯೊಳಗೇ ಇರುತ್ತದೆ. ಗುರಿ ಹುಡುಕಲು ಅದರ ಮೇಲೆ ಕೂಡಿಸುವ ಪುಟ್ಟ ದೂರದರ್ಶಕವಾದ 6×30 ಫೈಂಡರ್ (6 ಪಟ್ಟು, 30 ಮಿ.ಮೀ. ಮಸೂರ) ಸುಮಾರು ಏಳು ಡಿಗ್ರಿಯನ್ನು ಒಮ್ಮೆಗೇ ತೋರಿಸುತ್ತದೆ. ಎರಡೂ ಒಂದೇ ದಿಕ್ಕನ್ನು ನೋಡದಿದ್ದರೆ ಫೈಂಡರ್ ಇದ್ದೂ ಇಲ್ಲದಂತೆಯೇ.

ಜೋಡಿಸುವ ಕೆಲಸ ಸುಲಭ. ಫೈಂಡರನ್ನು ಹಿಡಿಯುವ ಬ್ರಾಕೆಟ್ಟಿನ ಪಾದವನ್ನು ಫೋಕಸರ್ (ಬಿಂಬವನ್ನು ಸ್ಪಷ್ಟಗೊಳಿಸುವ ಭಾಗ) ಬಳಿಯ ತೋಡಿನೊಳಗೆ ಜಾರಿಸಿ ಸ್ಕ್ರೂ ಬಿಗಿದೆ. ಫೈಂಡರಿನ ಕೊಳವೆಯ ಸುತ್ತಲಿನ ರಬ್ಬರ್ ಉಂಗುರ ಬ್ರಾಕೆಟ್ಟಿನ ಮುಂಬಾಯಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡೆ. ಹಿಂದಿನ ಎರಡು ಸ್ಕ್ರೂಗಳು ಎದುರಿನ ಸ್ಪ್ರಿಂಗ್ ಕಡ್ಡಿಗೆ ಒತ್ತಿ ಕೊಳವೆಯನ್ನು ಹಿಡಿಯುವುದರಿಂದ, ಸ್ಪ್ರಿಂಗ್ ಅರ್ಧದಷ್ಟು ಕುಗ್ಗಿರುವಂತೆ ಆರಂಭದಲ್ಲೇ ಅವನ್ನು ಇಟ್ಟುಕೊಂಡರೆ ಎರಡೂ ಕಡೆಗೆ ಸರಿಸಲು ಅವಕಾಶ ಉಳಿಯುತ್ತದೆ.

ಮೊದಲ ಹೊಂದಾಣಿಕೆಗೆ ನಾನು ಆರಿಸಿದ್ದು ಪಶ್ಚಿಮಕ್ಕೆ ಕಾಣುವ ಕೋಟೆ ಗುಡ್ಡದ ಮೇಲ್ಕೋಟೆಯ ಗೋಡೆಯ ಒಂದು ಮೂಲೆ. ಬೆಳಗಿನ ಹೊತ್ತು ಸೂರ್ಯ ಬೆನ್ನ ಹಿಂದಿರುತ್ತಾನೆ. ದೂರದರ್ಶಕವಾಗಲಿ ಫೈಂಡರಾಗಲಿ ಅವನ ಕಡೆಗೆ ಎಂದೂ ತಿರುಗಬಾರದು, ಕಣ್ಣು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹೊತ್ತೇರಿದ ಮೇಲೆ ನಮ್ಮೂರ ಬಂಡೆಯೂ ಮಾಳಿಗೆಗಳೂ ಕಾದು ಬಿಂಬ ನಡುಗುವುದರಿಂದ, ಸೂರ್ಯ ಹುಟ್ಟಿದ ಕೂಡಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಗುರಿ ದೂರದ್ದೇ ಆಗಿರಬೇಕು. ಎರಡು ಕೊಳವೆಗಳ ನಡುವೆ ಸುಮಾರು 10 ಸೆಂ.ಮೀ. ಅಂತರವಿದ್ದರೆ, 100 ಮೀಟರ್ ದೂರದ ವಸ್ತುವಿಗೆ ಹೊಂದಿಸಿದ ಫೈಂಡರ್ ನಕ್ಷತ್ರದ ಮೇಲೆ ಚಂದ್ರಬಿಂಬದ ಒಂಬತ್ತನೇ ಒಂದು ಭಾಗದಷ್ಟು ತಪ್ಪುತ್ತದೆ. ಒಂದೆರಡು ಕಿಲೋಮೀಟರ್ ಆಚೆಯ ಗುರಿಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ದೂರದರ್ಶಕದ ನಡುವಿಗೆ ಆ ಮೂಲೆಯನ್ನು ತಂದು ಸ್ಟ್ಯಾಂಡಿನ ಹಿಡಿಗಳನ್ನು ಬಿಗಿಗೊಳಿಸಿದೆ. ಆಮೇಲೆ ಸರಿಸಬೇಕಾದದ್ದು ಫೈಂಡರನ್ನು ಮಾತ್ರ. "ಅಪ್ಪಾ, ಗೋಡಿ ತಲಿಕೆಳಗ ಕಾಣಸ್ತೈತಿ" ಎಂದು ಮಗಳು ಹೇಳಿದಳು. ನೇರನೋಟದ ಫೈಂಡರಿನಲ್ಲಿ ಬಿಂಬ ಮೇಲುಕೆಳಗೂ ಎಡಬಲವೂ ತಿರುಗಿರುತ್ತದೆ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಕನ್ನಡಿ ಹಾಕಿದ ದೂರದರ್ಶಕದಲ್ಲಿ ಎಡಬಲ ಮಾತ್ರ. ಹಾಗಾಗಿ ಸ್ಕ್ರೂವನ್ನು ಯಾವ ಕಡೆ ತಿರುಗಿಸಬೇಕೆಂದು ಊಹಿಸುವ ಬದಲು ಕಾಲು ಸುತ್ತು ತಿರುಗಿಸಿ, ಗೋಡೆಯ ಮೂಲೆ ಫೈಂಡರಿನೊಳಗಿನ ಅಡ್ಡ-ಉದ್ದ ಗೆರೆಗಳು ಕೂಡುವ ಜಾಗದ ಹತ್ತಿರ ಬಂತೋ ದೂರ ಹೋಯಿತೋ ನೋಡುತ್ತ ಮುಂದುವರಿದೆ.

ರಾತ್ರಿಯ ಕೊನೆಯ ತಿದ್ದುಪಡಿಗೆ ನನಗೆ ಧ್ರುವ ನಕ್ಷತ್ರಕ್ಕಿಂತ ಒಳ್ಳೆಯದು ಕಾಣದು. ಬಳ್ಳಾರಿಯ ಅಕ್ಷಾಂಶಕ್ಕೆ ತಕ್ಕಂತೆ ಅದು ಉತ್ತರ ದಿಗಂತದಿಂದ ಸುಮಾರು 15 ಡಿಗ್ರಿ ಮೇಲಷ್ಟೇ ಇರುತ್ತದೆ. ಧೂಳು ಕವಿದ ರಾತ್ರಿ ಮಸುಕಾಗುವುದೂ ಉಂಟು. ಆದರೂ ಮೋಟಾರಿಲ್ಲದ ಸ್ಟ್ಯಾಂಡಿನಲ್ಲಿ ಆಕಾಶದ ಸಮಭಾಜಕದ ಬಳಿಯ ನಕ್ಷತ್ರಗಳು ನಿಮಿಷಕ್ಕೆ ಚಂದ್ರಬಿಂಬದ ಅರ್ಧದಷ್ಟು ಸರಿದುಹೋಗುವಾಗ, ಧ್ರುವ ನಾವು ಸ್ಕ್ರೂ ತಿರುಗಿಸುವಷ್ಟು ಹೊತ್ತು ನಿಂತಲ್ಲೇ ನಿಂತಿರುತ್ತದೆ. 10 ಮಿ.ಮೀ. ಐಪೀಸ್ ಹಾಕಿ ಅದನ್ನು ನಟ್ಟನಡುವೆ ನಿಲ್ಲಿಸಿ, ಫೈಂಡರಿನ ಗೆರೆಗಳನ್ನು ಅದರ ಮೇಲೆ ಕೂಡಿಸಿದೆ.

ಕೊನೆಗೆ ಬ್ರಾಕೆಟ್ಟಿನ ಪಾದ ತೋಡಿನಲ್ಲಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದಿದ್ದೇನೆ. ಬಿಚ್ಚಿ ಪೆಟ್ಟಿಗೆಗೆ ಹಾಕಿ ಮತ್ತೆ ಅದೇ ಗೆರೆಗೆ ಕೂಡಿಸಿದರೆ, ಸ್ಕ್ರೂಗಳನ್ನು ತುಸು ತಿರುಗಿಸಿದರೆ ಸಾಕಾಗುತ್ತದೆ.