ಕೀಲಿಗಳ ಜೊತೆ ಉಜ್ಜಾಡಿದರೂ ಏಳದ ಅಕ್ರಿಲಿಕ್

ಹಿತ್ತಾಳೆ ಕೀ ಚೈನ್ ಬಿಲ್ಲೆ ಮೇಲೆ ಅಕ್ರಿಲಿಕ್ ಬಣ್ಣ ನಿಲ್ಲಲ್ಲ, ಎನಾಮೆಲ್ ಹಾಕು, ಇಲ್ಲವೇ ಪುಡಿ ಬಣ್ಣ ಹೊಡೆದು ಬೇಯಿಸುವ ಪೌಡರ್ ಕೋಟಿಂಗ್ ಮಾಡಿಸು ಅಂದವರೇ ಜಾಸ್ತಿ. ಎನಾಮೆಲ್‌ನಲ್ಲಿ ಕೂದಲೆಳೆಯ ಗೆರೆ ನನಗೆ ಬರಲ್ಲ, ಪೌಡರ್‌ನಲ್ಲಿ ಕುಂಚಕ್ಕೆ ಕೆಲಸವೇ ಇಲ್ಲ. ನನ್ನ ಬಿಲ್ಲೆಗಳು ವರ್ಷದ ಮೇಲಾಯಿತು, ಚಿಲ್ಲರೆ, ಕೀಲಿಗಳ ಜೊತೆ ಜೇಬಿನಲ್ಲೇ ಇವೆ. ರಿಂಗ್ ತೂತಿನ ಸುತ್ತ ಬಿಟ್ಟರೆ ಎಲ್ಲೂ ಚಕ್ಕೆ ಎದ್ದಿಲ್ಲ.

ಬಣ್ಣ ಕಾಪಾಡಲು ಮೇಲೆ ಏನೇನೋ ಹಚ್ಚಿ ದುಡ್ಡು ಹೋದ ದಾರಿ ಮೊದಲು. ಕಾಗದದ ಚಿತ್ರ ಅಂಟಿಸುವ ಡಿಕೂಪಾಜ್ ಅಂಟು ಎಷ್ಟು ಒಣಗಿದರೂ ಬೆವರ ಕೈಗೆ ಅಂಟಂಟು. ಪಾರದರ್ಶಕ ನೇಲ್ ಪಾಲಿಶ್‌ನ ಸಾಲ್ವೆಂಟ್ ಕೆಳಗಿನ ಬಣ್ಣವನ್ನೇ ಕರಗಿಸಿ ಎಳೆದುಬಿಡುತ್ತದೆ. ಕ್ಯಾನ್ವಾಸ್‌ಗೆ ಹೊಡೆಯುವ ಸ್ಪ್ರೇ ವಾರ್ನಿಷ್, ಕ್ಯಾನಿಗೆ ಐನೂರು ಆರುನೂರು, ಗೋಡೆಯ ಚಿತ್ರಕ್ಕೆ ಸರಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಬೆರಳಚ್ಚು ಕೂತಿತು. ಅರಗಿನ ಸ್ಪಿರಿಟ್ ಪಾಲಿಶ್ ಲೋಹಕ್ಕೆ ಚೆನ್ನಾಗಿ ಕಚ್ಚುತ್ತದೆ, ಆದರೆ ಅದೂ ಸ್ಪಿರಿಟ್‌ಗೇ ಕರಗುವ ವಸ್ತು. ಹೆಚ್ಚು ನುಂಗಿದ್ದು ಎಪಾಕ್ಸಿ ರೆಸಿನ್: ಗಟ್ಟಿ ಹೌದು, ಅಂಚಿನಲ್ಲಿ ತೊಟ್ಟು ಕಟ್ಟುತ್ತದೆ, ಬಿಸಿಲಿಗೆ ಹಳದಿ ತಿರುಗಿ ನೀಲಿಯನ್ನು ಹಸಿರು ಮಾಡುತ್ತದೆ.

ಕೊನೆಗೆ ನಿಂತದ್ದು ಕಾರಿಗೆ ಹೊಡೆಯುವ 2ಕೆ ಪಿಯು ಕ್ಲಿಯರ್, ಅಂದರೆ ಎರಡು ಭಾಗ ಕಲಸಿ ಹೊಡೆಯುವ ಪಾರದರ್ಶಕ ಪಾಲಿಯುರೆಥೇನ್ ಲೇಪ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಸೇರಿ ಲೀಟರಿಗೆ ಸಾವಿರದೈನೂರರ ಆಸುಪಾಸು. ದುಬಾರಿ ಅನ್ನಿಸಬಹುದು, ಬಿಲ್ಲೆಗೆ ಬೀಳುವುದು ಮೂರು ನಾಲ್ಕು ರೂಪಾಯಿ.

ಆದರೆ ಕ್ಲಿಯರ್ ಒಂದರಿಂದಲೇ ಆಗಲ್ಲ, ಅರ್ಧ ಕೆಲಸ ಅಂಚಿನದು. ಚೂಪು ಅಂಚಿನಿಂದ ಬಣ್ಣ ಜಾರಿ ತೆಳುವಾಗುತ್ತದೆ, ಚಕ್ಕೆ ಏಳುವುದು ಅಲ್ಲಿಂದಲೇ. ಅರದಿಂದ ಅಂಚನ್ನು ದುಂಡಗೆ ಮಾಡಿ, 400ರ ಮರಳು ಕಾಗದದಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ. ಅಡಿಲೇಪವಾಗಿ ಕಪ್ಪು ಎಪಾಕ್ಸಿ ಪ್ರೈಮರ್ ತೆಳ್ಳಗೆ, ಒಣಗಿದ ಮೇಲೆ 600ರಲ್ಲಿ ಹಗುರ ಉಜ್ಜು. ಚಿತ್ರವನ್ನು ಅಂಚಿಗಿಂತ ಒಂದು ಮಿ.ಮೀ. ಒಳಗೇ ನಿಲ್ಲಿಸಿ. ಅಲ್ಲಿ ಕ್ಲಿಯರ್ ನೇರವಾಗಿ ಪ್ರೈಮರ್ ಹಿಡಿದು ಬಣ್ಣದ ತುದಿಯನ್ನು ಮುಚ್ಚಿಕೊಳ್ಳುತ್ತದೆ. ಕಪ್ಪು ಗೆರೆ ಬಾರ್ಡರ್ ಥರ ಕಾಣುತ್ತದೆ, ಗಿರಾಕಿಗಳು ಅದನ್ನೇ ಡಿಸೈನ್ ಅಂತ ಹೊಗಳುತ್ತಾರೆ.

ಅಕ್ರಿಲಿಕ್ ಅರ್ಧ ಗಂಟೆಗೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಹತ್ತು ದಿನದ ಮೇಲೆ ಬಿಡಿ. ಇಲ್ಲದಿದ್ದರೆ ಕ್ಲಿಯರ್ ಕೆಳಗೆ ಹೊಗೆ ಕವಿದ ಹಾಗೆ ಮಸುಕಾಗುತ್ತದೆ. 60 ವಾಟ್ ಫಿಲಮೆಂಟ್ ಬಲ್ಬ್ ಹಾಕಿದ ಮರದ ಪೆಟ್ಟಿಗೆಯಲ್ಲಿ 45 ಡಿಗ್ರಿಯಲ್ಲಿಟ್ಟರೆ ಬೇಗ ಆಗುತ್ತದೆ. ಬೇಗ ಆಗಲಿ ಅಂತ ಓವನ್‌ನಲ್ಲಿ ನೂರು ದಾಟಿಸಿದರೆ ಗುಳ್ಳೆ.

ಕ್ಲಿಯರ್ ಎರಡು ಪಾಲು, ಹಾರ್ಡನರ್ ಒಂದು, ತಿನ್ನರ್ ಹತ್ತು ಶೇಕಡಾ. ನಿಮ್ಮ ಡಬ್ಬದ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. 0.8 ಮಿ.ಮೀ. ನಾಜಲ್‌ನ ಮಿನಿ ಸ್ಪ್ರೇ ಗನ್. ಮೊದಲ ಕೋಟು ಇಬ್ಬನಿಯಷ್ಟೇ. ತೋಯಿಸಿ ಹೊಡೆದರೆ ಅಕ್ರಿಲಿಕ್ ಸುಕ್ಕು ಕಟ್ಟುತ್ತದೆ. ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಬಿಟ್ಟು ಹೊಳೆಯುವ ಹಾಗೆ ಮೂರನೆಯದು. ಕಲಸಿದ್ದು ಎರಡು ಮೂರು ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ನಲವತ್ತು ಐವತ್ತು ಬಿಲ್ಲೆ ಕೂಡದೆ ಡಬ್ಬ ತೆರೆಯಲ್ಲ. ಮಳೆ ದಿನ ಹೊಡೆದರೆ ಹಾರ್ಡನರ್ ತೇವ ಹೀರಿ ಸೂಜಿತೂತು ಬೀಳುತ್ತದೆ. ಹಾರ್ಡನರ್‌ನಲ್ಲಿ ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ಐಸೊಸಯನೇಟ್ ಇದೆ: ಬಯಲಲ್ಲಿ, ಕಾರ್ಟ್ರಿಡ್ಜ್ ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಹೊಡೆಯಬೇಕು. ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ.

ಎರಡೂ ಮುಖ ಒಂದೇ ಸಲ ಹೊಡೆಯುವ ಸ್ಟ್ಯಾಂಡ್ ಹೇಗೆ ಮಾಡಿಕೊಂಡೆ ಅಂತ ಕೇಳಬೇಡಿ. ಸೈಕಲ್ ಕಡ್ಡಿ ಬೇಕು, ಅಷ್ಟು ಮಾತ್ರ ಹೇಳುವೆ.

ವಾರ ಕಳೆದ ಮೇಲೆ ಪರೀಕ್ಷೆ. ಬ್ಲೇಡಿನಿಂದ ಚೌಕ ಕೊಯ್ದು ಸೆಲ್ಲೋಟೇಪ್ ಕಿತ್ತು ನೋಡುವುದು, ಸ್ಯಾನಿಟೈಸರ್ ಹತ್ತಿ ಒಂದು ನಿಮಿಷ ಇಡುವುದು, ನಟ್ಟು ಬೋಲ್ಟು ತುಂಬಿದ ಡಬ್ಬದಲ್ಲಿ ಹಾಕಿ ಅಲುಗಿಸುವುದು. ಗೀರು ಬಿದ್ದರೆ 2000ರ ಕಾಗದದಲ್ಲಿ ನೀರು ಹಾಕಿ ಉಜ್ಜಿ ಕಾರ್ ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿದರೆ ಮಾಯ. ಮ್ಯಾಟ್ ಕ್ಲಿಯರೂ ನೋಡಿದೆ. ಕೈ ತಾಗಿ ತಾಗಿ ನಡುವೆ ಮಾತ್ರ ಹೊಳಪು ಬಂದು ಅಸಹ್ಯ. ಸ್ಟೀಲ್ ಲೋಟಕ್ಕೂ ಮಾಡಿಕೊಡಿ ಅನ್ನುತ್ತಾರೆ. ಹಿಡಿಯುವ ಜಾಗಕ್ಕೆ ಸರಿ, ತುಟಿ ತಾಗುವ ಕಡೆ ಈ ಕ್ಲಿಯರ್ ಹೊಡೆಯುವುದಿಲ್ಲ.