ಬಿಡುವಿನ ಕಂಪ್ಯೂಟರಿಗೆ ಸರ್ನ್‌ನ ಲೆಕ್ಕ

ಜಿನೀವಾ ಬಳಿಯ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್, ಎಲ್‌ಎಚ್‌ಸಿ ಎಂಬ ತನ್ನ ಬೃಹತ್ ಕಣವೇಗವರ್ಧಕಕ್ಕೆ ಬೇಕಾದ ಲೆಕ್ಕಗಳನ್ನು ಜನರ ಕಂಪ್ಯೂಟರುಗಳಿಂದ ಮಾಡಿಸುವ 'ಎಲ್‌ಎಚ್‌ಸಿ ಅಟ್ ಹೋಮ್' ಯೋಜನೆಗೆ ನನ್ನ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಕೊಡುತ್ತಾ ಬಂದಿದ್ದೇನೆ. ಸೇರುವುದು ಸುಲಭ: 'ಬೋಯಿಂಕ್' ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಖಾತೆ ತೆರೆದರೆ ಮುಗಿಯಿತು. ಯೋಚಿಸಬೇಕಾದದ್ದು ನಮ್ಮ ಯಂತ್ರಕ್ಕೆ ಯಾವ ಬಗೆಯ ಕೆಲಸ ಒಗ್ಗುತ್ತದೆ ಎಂಬುದನ್ನು.

ನನಗೆ ಹೆಚ್ಚು ಹಿಡಿಸಿದ್ದು ಸಿಕ್ಸ್‌ಟ್ರ್ಯಾಕ್ ಎಂಬ ಬಗೆಯ ಕೆಲಸ. ಸರ್ನ್‌ಗೆ ಐವತ್ತು ತುಂಬಿದ 2004ರಲ್ಲಿ ಯೋಜನೆ ಆರಂಭವಾದದ್ದೇ ಇದರಿಂದ. ಇದರಲ್ಲಿ ಕಣಗಳ ಡಿಕ್ಕಿಯ ಮಾತೇ ಇಲ್ಲ. ಎಲ್‌ಎಚ್‌ಸಿಯ 27 ಕಿಲೋಮೀಟರ್ ಉಂಗುರದಲ್ಲಿ ಪ್ರೋಟಾನ್‌ಗಳು ಸ್ಥಿರವಾಗಿ ಸುತ್ತುತ್ತವೆಯೋ, ಅಯಸ್ಕಾಂತಗಳ ಸಣ್ಣಪುಟ್ಟ ದೋಷಗಳಿಂದ ದಾರಿ ತಪ್ಪಿ ಹೋಗುತ್ತವೆಯೋ ಎಂಬ ಲೆಕ್ಕ. ಒಂದು ಸಲಕ್ಕೆ 60 ಕಣಗಳು, ಲಕ್ಷದಿಂದ ಹತ್ತು ಲಕ್ಷದವರೆಗೆ ಸುತ್ತುಗಳು. ನಿಜವಾದ ಪ್ರೋಟಾನ್ ಸೆಕೆಂಡಿಗೆ 11,245 ಸುತ್ತು ಹಾಕುತ್ತದೆ; ಹತ್ತು ಲಕ್ಷ ಸುತ್ತಿಗೆ ಅದಕ್ಕೆ ಒಂದೂವರೆ ನಿಮಿಷ ಸಾಕು. ಅಷ್ಟಕ್ಕೇ ನನ್ನ ಯಂತ್ರ ಗಂಟೆಗಟ್ಟಲೆ ತಿಣುಕುತ್ತಿತ್ತು!

ಸುತ್ತು ಹೆಚ್ಚಿದಂತೆ ಕೊನೆಯ ದಶಮಾಂಶದ ವ್ಯತ್ಯಾಸವೂ ಬೆಳೆದು ಉತ್ತರವನ್ನೇ ಕೆಡಿಸುತ್ತದೆ. ಆರಂಭದಲ್ಲಿ ಒಂದೇ ಲೆಕ್ಕಕ್ಕೆ ಬೇರೆಬೇರೆ ಪ್ರೊಸೆಸರ್‌ಗಳು ಬೇರೆಬೇರೆ ಉತ್ತರ ಕೊಟ್ಟಿದ್ದವು. ಸೈನ್, ಲಾಗ್‌ನಂತಹ ಗಣಿತದ ಮೂಲ ಫಲನಗಳ ಬೆಲೆಯನ್ನು ಒಂದೊಂದು ಯಂತ್ರವೂ ತುಸು ಬೇರೆಯಾಗಿ ದುಂಡಾಗಿಸುತ್ತಿದ್ದುದೇ ಕಾರಣ. ಫ್ರಾನ್ಸಿನ ಲಿಯೋನ್‌ನಲ್ಲಿ ರೂಪುಗೊಂಡ 'ಸಿಆರ್‌ಲಿಬ್‌ಎಂ' ಎಂಬ ಗಣಿತ ಲೈಬ್ರರಿ ಬಳಸಿದ ಮೇಲೆ ಎಲ್ಲ ಕಡೆಯೂ ಒಂದೇ ಉತ್ತರ ಬರತೊಡಗಿತು. ಹಾಗಿದ್ದರೂ ಒಂದೇ ಕೆಲಸವನ್ನು ಇಬ್ಬರಿಗೆ ಕಳಿಸಿ ತಾಳೆ ನೋಡುತ್ತಾರೆ. ನಮ್ಮ ಫಲಿತಾಂಶದ ಮುಂದೆ 'ಪೆಂಡಿಂಗ್' ಎಂದಿದ್ದರೆ ಗಾಬರಿ ಬೇಡ. ಜೊತೆಗಾರನ ಯಂತ್ರ ಇನ್ನೂ ಮುಗಿಸಿಲ್ಲ, ಅಷ್ಟೇ.

ಎಲ್‌ಎಚ್‌ಸಿಯ ಡಿಕ್ಕಿಗಳನ್ನು ದೊಡ್ಡ ಶೋಧಕದಿಂದ (ಡಿಟೆಕ್ಟರ್) ದಾಖಲಿಸುವ ಅಟ್ಲಾಸ್ ಪ್ರಯೋಗದ ಕೆಲಸ ಬೇರೆಯೇ ಜಾತಿಯದು. ಡಿಕ್ಕಿಯಿಂದ ಚಿಮ್ಮಿದ ಕಣಗಳು ಶೋಧಕದ ಪದರಗಳನ್ನು ಹಾಯುವುದನ್ನು ಇದು ಅನುಕರಿಸುತ್ತದೆ. ಇದಕ್ಕೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತಿರುವ 'ವರ್ಚುವಲ್ ಯಂತ್ರ' ಓಡಿಸುವ ತಂತ್ರಾಂಶ) ಬೇಕು, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ವರ್ಚುವಲೈಸೇಶನ್ ಚಾಲೂ ಆಗಿರಬೇಕು, ಹಲವು ಜಿಬಿ ರ‍್ಯಾಮ್ ಬಿಟ್ಟುಕೊಡಬೇಕು; ಇಂಟರ್ನೆಟ್ಟನ್ನೂ ಧಾರಾಳವಾಗಿ ತಿನ್ನುತ್ತದೆ. ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರವಿಲ್ಲದೆ ನೇರವಾಗಿ ಓಡಿಸಬಹುದು. ಆದರೆ ಹಾಗೆ ಓಡಿಸುವಾಗ ನಡುವೆ ಕರೆಂಟು ಹೋದರೆ ಕೆಲಸ ಮೊದಲಿನಿಂದ ಶುರು. ಯುಪಿಎಸ್ ಇಲ್ಲದವರಿಗೆ ನಾನು ಅಟ್ಲಾಸ್ ಶಿಫಾರಸು ಮಾಡುವುದಿಲ್ಲ.

ನಡುದಾರಿಯೆಂದರೆ 'ಥಿಯರಿ' ಕೆಲಸಗಳು. ಇದಕ್ಕೂ ಸಾಮಾನ್ಯವಾಗಿ ವರ್ಚುವಲ್ ಯಂತ್ರ ಬೇಕಾದರೂ ಪ್ರೊಸೆಸರಿನ ಒಂದೇ ಕೋರ್ ಸಾಕು, ರ‍್ಯಾಮ್ ಬೇಡಿಕೆಯೂ ಕಡಿಮೆ. ಪಿಥಿಯಾ, ಹರ್ವಿಗ್‌ನಂತಹ ಪ್ರೋಗ್ರಾಂಗಳು ಕಾಗದದ ಮೇಲಿನ ಸಿದ್ಧಾಂತದಿಂದ ಡಿಕ್ಕಿಗಳನ್ನು ಸೃಷ್ಟಿಸುತ್ತವೆ. ಅದನ್ನು ನಿಜವಾದ ಅಳತೆಗಳೊಂದಿಗೆ ಹೋಲಿಸುತ್ತಾರೆ. ಈಗ ನನ್ನಲ್ಲಿ ಹೆಚ್ಚಾಗಿ ಓಡುವುದು ಇದೇ.

ಬೋಯಿಂಕ್ ಸೆಟ್ಟಿಂಗ್‌ನಲ್ಲಿ ಅರ್ಧದಷ್ಟು ಕೋರ್‌ಗಳನ್ನು ಮಾತ್ರ ಕೊಟ್ಟಿದ್ದೇನೆ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಲ್ಯಾಪ್‌ಟಾಪ್ ದುಡಿಸುವುದಿಲ್ಲ; ಅದರ ಫ್ಯಾನಿನ ಗೋಳು ಕೇಳಲಾಗದು. ಮುಗಿಸಿದ ಲೆಕ್ಕಕ್ಕೆ ಸಿಗುವ ಅಂಕಗಳ ಪಟ್ಟಿಯಲ್ಲಿ ಮೇಲೇರುವ ಹುಚ್ಚು ಕೆಲವರಿಗಿದೆ, ಕರೆಂಟ್ ಬಿಲ್ ಕಟ್ಟುವವನಾಗಿ ನನಗಿಲ್ಲ. ಊರಿಗೆ ಹೊರಡುವ ಮುನ್ನ ಮಾತ್ರ 'ಹೊಸ ಕೆಲಸ ಬೇಡ' ಎಂಬ ಗುಂಡಿ ಒತ್ತಿ, ಕೈಯಲ್ಲಿರುವುದು ಮುಗಿದ ಮೇಲೆಯೇ ಯಂತ್ರ ಆರಿಸುತ್ತೇನೆ. ಇಲ್ಲವಾದರೆ ಅರ್ಧಕ್ಕೆ ನಿಂತ ಲೆಕ್ಕ ಗಡುವು ಮೀರುವವರೆಗೂ ನಮ್ಮ ಹೆಸರಿನಲ್ಲೇ ಬಿದ್ದಿದ್ದು, ಆಮೇಲಷ್ಟೇ ಬೇರೊಬ್ಬರ ಪಾಲಾಗುತ್ತದೆ.